ಕೆನಡಾ, ಜರ್ಮನಿಯಲ್ಲಿರುವ ಮಕ್ಕಳ ಎಸ್‌ಯುವಿಗೆ ಚಳಿಗಾಲದ ಟಯರ್: ಆಯ್ಕೆ ಹೇಗೆ?

ಅಕ್ಟೋಬರ್ ತಿಂಗಳು ಕಳೆಯಿತೆಂದರೆ ಮುಂಬಯಿ, ಠಾಣೆ, ಪುಣೆಯ ಕನ್ನಡಿಗರ ಅನೇಕ ಮನೆಗಳಲ್ಲಿ ವಿದೇಶದ ಫೋನಿನ ಮಾತು ಚಳಿಯತ್ತ ಹೊರಳುತ್ತದೆ. ಟೊರೊಂಟೊ, ಮಿಸ್ಸಿಸಾಗಾ, ಮಾಂಟ್ರಿಯಲ್‌ಗಳಲ್ಲಿ, ಮ್ಯೂನಿಕ್, ಸ್ಟುಟ್‌ಗಾರ್ಟ್‌ಗಳಲ್ಲಿ ನೌಕರಿಯಲ್ಲಿರುವ ಮಕ್ಕಳು ಸ್ವೆಟರ್, ಬೂಟುಗಳ ಜತೆಗೆ ಕಾರಿನ ಟಯರುಗಳ ಖರ್ಚಿನ ಸುದ್ದಿಯನ್ನೂ ಹೇಳುತ್ತಾರೆ. ಕಳೆದ ವರ್ಷವಷ್ಟೇ ಕೊಂಡ ದೊಡ್ಡ ಎಸ್‌ಯುವಿ, ಟಯರು ಇನ್ನೂ ಹೊಸದರಂತಿದೆ. ಹೀಗಿರುವಾಗ "ನಿನ್ನ ಗಾಡಿಗೆ ಫೋರ್ ವ್ಹೀಲ್ ಡ್ರೈವ್ ಉಂಟಲ್ಲ ಮಗಾ, ಮತ್ತೆ ಟಯರ್ ಯಾಕೆ ಬದಲಿಸುವುದು?" ಎಂದು ಈ ಕಡೆಯಿಂದ ತಂದೆ ಕೇಳುವುದು ಸಹಜವೇ. ನಾಲ್ಕು ತಿಂಗಳ ಚಳಿಗೆಂದು ಸಾವಿರಾರು ಡಾಲರ್ ಸುರಿಯುವುದು ದುಂದುವೆಚ್ಚದಂತೆ ಕಾಣುತ್ತದೆ. ಆದರೆ ಮೊಮ್ಮಗುವಿನ ಬಾಣಂತನಕ್ಕೆಂದು ಜನವರಿಯಲ್ಲಿ ಅಲ್ಲಿಗೆ ಹೋಗಿ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವವರೂ ಇದೇ ತಂದೆ-ತಾಯಿಯರು. ಹಾಗಾಗಿ ಈ ವಿಷಯವನ್ನು ಇಲ್ಲಿಯವರೂ ಸ್ವಲ್ಪ ತಿಳಿದುಕೊಂಡಿದ್ದರೆ ಒಳ್ಳೆಯದು.

ತಂದೆಯ ಪ್ರಶ್ನೆಯಿಂದಲೇ ಸುರು ಮಾಡೋಣ. ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಶಕ್ತಿ ಹೋಗುವ ಕಾರು ಹಿಮದ ಮೇಲೆ ಸುಲಭವಾಗಿ ಹೊರಡುತ್ತದೆ, ಏರು ಹತ್ತುತ್ತದೆ ಎಂಬುದು ಪೂರಾ ನಿಜ. ಸಮಸ್ಯೆ ಇರುವುದು ನಿಲ್ಲಿಸುವಲ್ಲಿ. ಬ್ರೇಕ್ ನಾಲ್ಕು ಚಕ್ರಗಳಿಗೂ ಎಲ್ಲ ಕಾರಿನಲ್ಲೂ ಇದ್ದೇ ಇದೆ. ಅಲ್ಲಿ ಫೋರ್ ವ್ಹೀಲ್ ಡ್ರೈವ್‌ನಿಂದ ಹೆಚ್ಚಿನ ಲಾಭವೇನೂ ಇಲ್ಲ. ರಸ್ತೆಯನ್ನು ಮುಟ್ಟಿಕೊಂಡಿರುವುದು ಟಯರಿನ ನಾಲ್ಕು ತುಂಡು ರಬ್ಬರು ಮಾತ್ರ, ಒಂದೊಂದೂ ಹೆಚ್ಚುಕಡಿಮೆ ಅಂಗೈಯಗಲ. 2 ಟನ್ನಿಗೂ ಮಿಕ್ಕಿದ ಗಾಡಿ ಅದರ ಮೇಲೆಯೇ ನಿಲ್ಲಬೇಕು.

ಶಾಲೆಯಲ್ಲಿ ಕಲಿತ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು, ಒಣಗಿದ ಡಾಂಬರಿನ ಮೇಲೆ ಘರ್ಷಣಾಂಕ 0.8 ಇದೆಯೆಂದು ಹಿಡಿದರೆ, ಬ್ರೇಕ್ ಒತ್ತಿದ ಮೇಲೆ ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. ಅದುಮಿ ಗಟ್ಟಿಯಾದ ಹಿಮದ ಮೇಲೆ ಘರ್ಷಣಾಂಕ 0.3 ಸಿಕ್ಕಿದರೆ 33 ಮೀಟರ್ ಬೇಕು. ಅದೇ 0.2ಕ್ಕೆ ಇಳಿದರೆ 49 ಮೀಟರ್. ಈ 0.3 ಮತ್ತು 0.2ರ ನಡುವಿನ ಅಂತರ ಕಾಗದದ ಮೇಲೆ ಚಿಕ್ಕದು. ರಸ್ತೆಯಲ್ಲಿ ಮೊದಲನೆಯ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ 29 ಕಿ.ಮೀ. ವೇಗದಲ್ಲಿ ಮುಂದೆ ಜಾರುತ್ತಿರುತ್ತದೆ. ಎದುರಿಗೆ ಸಿಗ್ನಲಿನಲ್ಲಿ ನಿಂತ ಬಸ್ಸಿರಬಹುದು, ರಸ್ತೆ ದಾಟುವ ಮಕ್ಕಳಿರಬಹುದು. ಈ ಲೆಕ್ಕದಲ್ಲಿ ಕಾರಿನ ತೂಕ ಎಲ್ಲೂ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಗಾಡಿ ಭಾರವಿದ್ದರೆ ರಸ್ತೆಗೆ ಕಚ್ಚಿಕೊಳ್ಳುತ್ತದೆ ಎಂಬ ನಂಬಿಕೆ ನಿಲ್ಲಿಸುವ ಹೊತ್ತಿಗೆ ಕೆಲಸಕ್ಕೆ ಬಾರದು. ಭಾರ ಹೆಚ್ಚಿದಷ್ಟೂ ಡಿಕ್ಕಿಯ ಪೆಟ್ಟು ಮಾತ್ರ ಜೋರಾಗುತ್ತದೆ.

ತೆಂಗಿನೆಣ್ಣೆಯಂತೆ ಗಟ್ಟಿಯಾಗುವ ರಬ್ಬರು

ದಿಲ್ಲಿಯ ಕನ್ನಡಿಗರಿಗೆ ಡಿಸೆಂಬರಿನಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುವುದು ಗೊತ್ತಿದೆ. ಬೇಸಿಗೆಯ ಟಯರಿನ ರಬ್ಬರಿಗೂ ಹಾಗೆಯೇ. ಶಕ್ತಿಶಾಲಿ ಎಸ್‌ಯುವಿಗಳಿಗೆ ಕಂಪೆನಿಯವರು ಅನೇಕ ವೇಳೆ ಬೇಸಿಗೆ ಟಯರನ್ನೇ ಹಾಕಿ ಕೊಡುತ್ತಾರೆ. ಬಿಸಿ ರಸ್ತೆಯಲ್ಲಿ, ಭಾರೀ ವೇಗದಲ್ಲಿ ಅದು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಉಷ್ಣತೆ 7 ಡಿಗ್ರಿಯ ಆಸುಪಾಸಿಗೆ ಇಳಿಯುತ್ತಲೇ ಅದರ ಮೃದುತ್ವ ಹೋಗುತ್ತಾ ಬರುತ್ತದೆ. ಹಿಮ ಬೀಳಬೇಕೆಂದೇನೂ ಇಲ್ಲ, ಒಣ ರಸ್ತೆಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ಇನ್ನೂ ಕೆಳಗಿಳಿದರೆ ಇಂಥ ಟಯರುಗಳ ರಬ್ಬರು ಬಿರುಕು ಬಿಡಬಹುದೆಂದು ತಯಾರಕರೇ ಎಚ್ಚರಿಸಿದ್ದಾರೆ.

ಚಳಿಗಾಲದ ಟಯರಿನ ರಬ್ಬರಿನ ಪಾಕವೇ ಬೇರೆ. ಸಿಲಿಕಾ ಬೆರೆಸಿ, ನೈಸರ್ಗಿಕ ರಬ್ಬರಿನ ಪಾಲು ಹೆಚ್ಚಿಸಿ, ಕೊರೆಯುವ ಚಳಿಯಲ್ಲೂ ಮೆತ್ತಗಿರುವಂತೆ ಮಾಡುತ್ತಾರೆ. ಮರದ ಹಾಲಿನಿಂದ ಬಂದ ರಬ್ಬರು ಗಾಜಿನಂತೆ ಗಡುಸಾಗಬೇಕಾದರೆ ಶೂನ್ಯಕ್ಕಿಂತ ಸುಮಾರು 70 ಡಿಗ್ರಿ ಕೆಳಗೆ ಹೋಗಬೇಕು. ಪುತ್ತೂರು, ಸುಳ್ಯ, ಬೆಳ್ತಂಗಡಿಯ ತೋಟಗಳಲ್ಲಿ ಮುಂಜಾನೆ ಚಿಪ್ಪು ಕಟ್ಟಿ ಹಾಲು ಇಳಿಸುವುದನ್ನು ಕಂಡವರಿಗೆ, ಉರಿಬಿಸಿಲಿನ ನಾಡಿನ ಆ ಬೆಳೆ ಹಿಮದ ನಾಡಿನ ಟಯರಿಗೆ ಹೊಂದುತ್ತದೆ ಎಂಬುದು ತಮಾಷೆಯಾಗಿ ಕಂಡೀತು. ಇದರ ಮೇಲೆ ಟಯರಿನ ಮೈಯಲ್ಲಿ ಬ್ಲೇಡಿನಿಂದ ಗೀರಿದಂಥ ನೂರಾರು ಸಣ್ಣ ಸೀಳುಗಳಿರುತ್ತವೆ. ಚಕ್ರ ತಿರುಗುವಾಗ ಅವು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ. ಅಗಲ ಗೀರುಗಳಲ್ಲಿ ಹಿಮ ತುಂಬಿಕೊಳ್ಳುವುದೂ ಬೇಕಾಗಿಯೇ ಇದೆ. ಹಿಮಕ್ಕೆ ಹಿಮ ಅಂಟಿಕೊಳ್ಳುವಷ್ಟು ರಬ್ಬರು ಅಂಟುವುದಿಲ್ಲ.

ಅಂಗಡಿಯಲ್ಲಿ ಟಯರಿನ ಮಗ್ಗುಲನ್ನು ನೋಡಿದರೆ ಎರಡು ಗುರುತುಗಳು ಕಾಣಸಿಗುತ್ತವೆ. ‘ಎಂ ಪ್ಲಸ್ ಎಸ್’, ಅಂದರೆ ಕೆಸರು ಮತ್ತು ಹಿಮ ಎಂಬುದು ಹಳೆಯದು. ಇದಕ್ಕೆ ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಾಗಿಲ್ಲ, ಗೀರುಗಳ ವಿನ್ಯಾಸ ನೋಡಿ ತಯಾರಕರೇ ಅಚ್ಚು ಹಾಕಿಕೊಳ್ಳುವುದು. ಇನ್ನೊಂದು ಮೂರು ಶಿಖರದ ಬೆಟ್ಟದೊಳಗೆ ಹಿಮದ ಹಳಕಿನ ಚಿತ್ರ. ಹಿಮದ ಮೇಲೆ ನಡೆಸುವ ನಿಗದಿತ ಪರೀಕ್ಷೆಯಲ್ಲಿ ಮಾದರಿ ಟಯರಿಗಿಂತ ಸಾಕಷ್ಟು ಹೆಚ್ಚು ಹಿಡಿತ ತೋರಿದರೆ ಮಾತ್ರ ಇದು ಸಿಗುತ್ತದೆ. ಬೆಟ್ಟದ ಚಿತ್ರವಿಲ್ಲದ ಟಯರನ್ನು ಚಳಿಗಾಲದ ಟಯರೆಂದು ಕೊಳ್ಳಲೇಬಾರದು. ಆದರೆ ಅಷ್ಟನ್ನೇ ನೋಡಿದರೂ ಸಾಲದು. ಆ ಪರೀಕ್ಷೆ ನಡೆಯುವುದು ಹಿಮದ ಮೇಲೆ; ಕರಗಿ ಮತ್ತೆ ಹೆಪ್ಪುಗಟ್ಟಿದ ಮಂಜುಗಡ್ಡೆಯ ಮೇಲೆ ಟಯರು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಯುರೋಪಿನಲ್ಲಿ 2021ರ ಮೇ ತಿಂಗಳಿಂದ ಬಂದ ಹೊಸ ಲೇಬಲಿನಲ್ಲಿ ಮಂಜುಗಡ್ಡೆಯ ಹಿಡಿತಕ್ಕೆ ಪ್ರತ್ಯೇಕ ಚಿಹ್ನೆ ಇರುವುದು ಇದಕ್ಕಾಗಿಯೇ.

ಮ್ಯೂನಿಕ್‌ನ ಚಳಿ ಬೇರೆ, ಮಾಂಟ್ರಿಯಲ್‌ನ ಚಳಿ ಬೇರೆ

ನಿಜವಾದ ಆಯ್ಕೆಯ ಪ್ರಶ್ನೆ ಬರುವುದು ಇಲ್ಲಿ. ಚಳಿಗಾಲದ ಟಯರಿನಲ್ಲಿ ಎರಡು ಜಾತಿಗಳಿವೆ.

ಮಧ್ಯ ಯುರೋಪಿನ ಜಾತಿಯದು ಕೊಂಚ ಗಟ್ಟಿ. ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆ ಚಳಿಗಾಲದ ಬಹುಪಾಲು ದಿನ ರಸ್ತೆ ಒದ್ದೆಯಾಗಿರುತ್ತದೆಯೇ ಹೊರತು ಹಿಮದಿಂದ ಮುಚ್ಚಿರುವುದಿಲ್ಲ. ಆಟೋಬಾನಿನಲ್ಲಿ ವಾಹನಗಳು ಗಂಟೆಗೆ 150 ಕಿ.ಮೀ. ಮೀರಿ ಓಡುತ್ತಿರುತ್ತವೆ. ಅಲ್ಲಿ ಒದ್ದೆ ರಸ್ತೆಯ ಬ್ರೇಕ್, ವೇಗದಲ್ಲಿ ಸ್ಥಿರತೆ ಮುಖ್ಯ. ಮಿಶೆಲಿನ್‌ನ ಪೈಲಟ್ ಆಲ್ಪಿನ್ 5 ಎಸ್‌ಯುವಿ, ಕಾಂಟಿನೆಂಟಲ್‌ನ ವಿಂಟರ್‌ಕಾಂಟ್ಯಾಕ್ಟ್ ಟಿಎಸ್ 870 ಪಿ, ಪಿರೆಲ್ಲಿಯ ಸ್ಕಾರ್ಪಿಯನ್ ವಿಂಟರ್ ಇವೆಲ್ಲ ಈ ಜಾತಿಯವು. ವ್ರೆಡೆಸ್ಟೈನ್ ಕಂಪೆನಿಯ ವಿಂಟ್ರಾಕ್ ಪ್ರೊ ಕೂಡ ಇದೇ ಸಾಲಿನದು. ಹಾಲೆಂಡಿನ ಈ ಹಳೆಯ ಕಂಪೆನಿಯನ್ನು ನಮ್ಮ ದೇಶದ ಅಪೊಲೊ ಟಯರ್ಸ್ 2009ರಲ್ಲಿ ಕೊಂಡುಕೊಂಡಿತು.

ಇನ್ನೊಂದು ಉತ್ತರ ಧ್ರುವದ ನೆರೆಯ ನಾಡುಗಳ ಜಾತಿ, ‘ನಾರ್ಡಿಕ್’ ಎನ್ನುತ್ತಾರೆ. ಇದರ ರಬ್ಬರು ಬಹಳ ಮೆತ್ತಗೆ, ಸೀಳುಗಳು ಹೆಚ್ಚು. ಫಿನ್ಲೆಂಡಿನ ನೋಕಿಯನ್ ಕಂಪೆನಿ 1934ರಲ್ಲಿಯೇ ಲಾರಿಗಳಿಗೆ ಚಳಿಗಾಲದ ಟಯರು ಮಾಡಿತ್ತು. ಮೊಬೈಲಿನ ನೋಕಿಯಾಕ್ಕೂ ಇದಕ್ಕೂ ಮೂಲ ಒಂದೇ. 1988ರಲ್ಲಿ ಟಯರಿನ ವ್ಯವಹಾರ ಬೇರೆ ಕಂಪೆನಿಯಾಯಿತು. ಆ ಕಂಪೆನಿಯ ಹಾಕಾಪೆಲಿಟ್ಟಾ, ಮಿಶೆಲಿನ್‌ನ ಎಕ್ಸ್-ಐಸ್ ಸ್ನೋ, ಬ್ರಿಡ್ಜ್‌ಸ್ಟೋನಿನ ಬ್ಲಿಜಾಕ್‌ನ ಡಿಎಂ ಮಾಲಿಕೆ, ಕಾಂಟಿನೆಂಟಲ್‌ನ ವೈಕಿಂಗ್‌ಕಾಂಟ್ಯಾಕ್ಟ್ ಈ ಗುಂಪಿನವು. ಮಾಂಟ್ರಿಯಲ್, ಎಡ್ಮಂಟನ್, ವಿನಿಪೆಗ್‌ನಂಥ ಊರುಗಳಲ್ಲಿ ವಾರಗಟ್ಟಲೆ ರಸ್ತೆ ಬಿಳಿಯಾಗಿಯೇ ಇರುವಾಗ, ಕೂಡುರಸ್ತೆಗಳಲ್ಲಿ ಕನ್ನಡಿಯಂಥ ಮಂಜುಗಡ್ಡೆ ಕಟ್ಟಿರುವಾಗ ಇವುಗಳದ್ದೇ ಮೇಲುಗೈ. ಬದಲಿಗೆ ಒಣ ರಸ್ತೆಯಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ಗಾಡಿ ಸ್ವಲ್ಪ ತಡವಾಗಿ ತಿರುಗಿದಂತೆ ಅನಿಸುತ್ತದೆ, ವೇಗದ ಮಿತಿಯೂ ಕಡಿಮೆ.

500 ಅಶ್ವಶಕ್ತಿಯ ಕಾರು ಕೊಂಡವರಿಗೆ ಎರಡನೆಯ ಜಾತಿಯ ಟಯರು ಹಾಕಲು ಮನಸ್ಸು ಬರುವುದಿಲ್ಲ. ಗಾಡಿಯ ಗತ್ತು ಹೋಯಿತು ಎಂಬ ಬೇಸರ. ಆದರೆ ಆಯ್ಕೆಯನ್ನು ಕಾರಿನ ಅಶ್ವಶಕ್ತಿ ನೋಡಿ ಮಾಡುವುದಕ್ಕಿಂತ ಜನವರಿ ತಿಂಗಳಲ್ಲಿ ಮನೆ ಮುಂದಿನ ರಸ್ತೆ ಹೇಗಿರುತ್ತದೆ ಎಂಬುದನ್ನು ನೋಡಿ ಮಾಡುವುದು ಸರಿ. ಟೊರೊಂಟೊ ಇವೆರಡರ ನಡುವಿನ ಊರು. ಮುಖ್ಯ ಹೆದ್ದಾರಿಗಳಿಗೆ ಉಪ್ಪು ಸುರಿದು ಬೇಗ ಸ್ವಚ್ಛ ಮಾಡುತ್ತಾರೆ. ನಸುಕಿನಲ್ಲಿ ಪಾಳಿಗೆ ಹೋಗುವವರು, ಒಳರಸ್ತೆಯಲ್ಲಿ ಮನೆ ಇರುವವರು ನಾರ್ಡಿಕ್ ಟಯರಿಗೆ ಹೋಗುವುದೇ ಕ್ಷೇಮ. ಮೊಳೆ ಬಡಿದ ಟಯರಿನ ಮಾತು ಯಾರಾದರೂ ಎತ್ತಿದರೆ ನೆನಪಿಡಬೇಕಾದ್ದು: ಜರ್ಮನಿಯಲ್ಲಿ ಅದಕ್ಕೆ ನಿಷೇಧ, ದಕ್ಷಿಣ ಒಂಟಾರಿಯೊದಲ್ಲೂ ಇಲ್ಲ.

ವರ್ಷವಿಡೀ ನಡೆಯುವ, ಬೆಟ್ಟದ ಚಿತ್ರವೂ ಇರುವ ‘ಆಲ್ ವೆದರ್’ ಟಯರುಗಳೂ ಈಗ ಬಂದಿವೆ. ಪೇಟೆಯೊಳಗೆ ಸಣ್ಣ ಕಾರು ಓಡಿಸುವವರಿಗೆ ಅದು ಕೆಟ್ಟ ಆಯ್ಕೆಯಲ್ಲ. ಬೇಸಿಗೆಯಲ್ಲಿ ವೇಗವಾಗಿ ಓಡಿಸಬೇಕು, ಚಳಿಯಲ್ಲಿ ಭಾರದ ಗಾಡಿಯನ್ನು ನಿಲ್ಲಿಸಲೂ ಬೇಕು ಎಂಬವರಿಗೆ ಎರಡು ಸೆಟ್ಟೇ ಸರಿ.

22 ಇಂಚಿನಿಂದ 20ಕ್ಕೆ

ಅಳತೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಒಂದು ಉದಾಹರಣೆ ನೋಡಬಹುದು. ಮುಂಬಯಿಯ ರಸ್ತೆಗಳಲ್ಲೂ ಕಾಣಸಿಗುವ ಬಿಎಂಡಬ್ಲ್ಯು ಎಕ್ಸ್5 ಕಾರಿಗೆ ಹಾಕಿಸಿಕೊಳ್ಳಬಹುದಾದ ದೊಡ್ಡ ಚಕ್ರ 22 ಇಂಚಿನದು. ಆಗ ಮುಂದಿನ ಟಯರಿನ ಅಳತೆ 275/35 ಆರ್ 22, ಹಿಂದಿನದು 315/30 ಆರ್ 22. ಅಂದರೆ ಹಿಂದಿನ ಟಯರು 315 ಮಿ.ಮೀ. ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇ. 30, ಸುಮಾರು 95 ಮಿ.ಮೀ. ಮಾತ್ರ. ನೋಡಲು ಬಲು ಚಂದ. ಹಿಮದಲ್ಲಿ ಅಷ್ಟು ಅಗಲದ ಟಯರು ಹಿಮವನ್ನು ಕೊರೆದು ಕೆಳಗಿಳಿಯುವ ಬದಲು ಮೇಲೆ ತೇಲುತ್ತದೆ. ಅಲ್ಲದೆ ನೀರು ಹೆಪ್ಪುಗಟ್ಟಿ ಕರಗಿ ರಸ್ತೆ ಒಡೆದು, ಮಾರ್ಚ್ ಹೊತ್ತಿಗೆ ಕೆನಡಾದ ಪೇಟೆಗಳಲ್ಲೂ ಮುಂಬಯಿ ಮಳೆಗಾಲವನ್ನು ನೆನಪಿಸುವ ಹೊಂಡಗಳು ಬೀಳುತ್ತವೆ. ತೆಳು ಗೋಡೆಯ ಟಯರು ಅದರಲ್ಲಿ ಬಿದ್ದರೆ ಟಯರೂ ಹೋಯಿತು, ಅಲಾಯ್ ಚಕ್ರವೂ ಹೋಯಿತು.

ಅದಕ್ಕೇ ಚಳಿಗಾಲಕ್ಕೆ ಚಕ್ರದ ಅಳತೆ ಇಳಿಸಿ, ಟಯರಿನ ಗೋಡೆ ಎತ್ತರಿಸುವುದು ರೂಢಿ. ಇದೇ ಕಾರಿಗೆ 275/45 ಆರ್ 20 ಅಳತೆಯನ್ನು ನಾಲ್ಕೂ ಕಡೆ ಒಂದೇ ರೀತಿ ಹಾಕಬಹುದು. 22 ಇಂಚಿನ ಮುಂದಿನ ಚಕ್ರದ ಒಟ್ಟು ವ್ಯಾಸ ಸುಮಾರು 751 ಮಿ.ಮೀ., 20 ಇಂಚಿನದರದ್ದು 755. ವ್ಯತ್ಯಾಸ ಅತ್ಯಲ್ಪವಾದ್ದರಿಂದ ಸ್ಪೀಡೋಮೀಟರ್, ಎಬಿಎಸ್‌ಗಳ ಲೆಕ್ಕ ತಪ್ಪುವುದಿಲ್ಲ. 265/50 ಆರ್ 19 ಇನ್ನೂ ಸಪೂರ, ಇನ್ನೂ ಅಗ್ಗ. ಅದರ ವ್ಯಾಸವೂ 748ರ ಹತ್ತಿರ. ಆದರೆ ಬಲವಾದ ಇಂಜಿನ್ನಿನ ಮಾದರಿಗಳಲ್ಲಿ ಬ್ರೇಕಿನ ತಟ್ಟೆಗಳು ದೊಡ್ಡವು, ಚಿಕ್ಕ ಚಕ್ರ ಅದರ ಮೇಲೆ ಕೂರದೇ ಹೋಗಬಹುದು. ಎಷ್ಟು ಇಳಿಸಬಹುದೆಂಬುದು ಮಾದರಿಯಿಂದ ಮಾದರಿಗೆ ಬೇರೆ. ಕಾರಿನ ಕೈಪಿಡಿ ನೋಡಿ, ಡೀಲರನಿಗೆ ಚಾಸಿ ನಂಬರು ಕೊಟ್ಟು ಕೇಳಿಯೇ ಮುಂದುವರಿಯಬೇಕು.

ಅಳತೆಯ ಬೆನ್ನಿಗೆ ಇರುವ ಅಂಕೆ, ಅಕ್ಷರಗಳನ್ನು ಅಂಗಡಿಯವನಿಗೆ ಬಿಟ್ಟುಬಿಡುವುದು ಸರಿಯಲ್ಲ. 110 ಎಂದಿದ್ದರೆ ಒಂದು ಟಯರು 1,060 ಕಿಲೋ ಹೊರುತ್ತದೆ ಎಂದರ್ಥ. ಕಾರಿಗೆ ಹೇಳಿದ್ದಕ್ಕಿಂತ ಈ ಅಂಕೆ ಕಡಿಮೆಯಿರಕೂಡದು. ಐದು ಜನ, ಊರಿನಿಂದ ಬಂದ ಹಪ್ಪಳ, ಉಪ್ಪಿನಕಾಯಿಯ ಪೆಟ್ಟಿಗೆಗಳು ಎಲ್ಲ ಸೇರಿ ಭಾರವಾಗುವುದು ಎಸ್‌ಯುವಿಯಲ್ಲೇ. ಅಕ್ಷರ ವೇಗದ್ದು: ಟಿ 190 ಕಿ.ಮೀ., ಎಚ್ 210, ವಿ 240. ಚಳಿಗಾಲದಲ್ಲಿ ವೇಗದ ಅಕ್ಷರ ಒಂದೆರಡು ಮೆಟ್ಟಿಲು ಕಡಿಮೆಯಾದರೆ ತೊಂದರೆಯಿಲ್ಲ. ಜರ್ಮನಿಯಲ್ಲಿ ಕಾರಿನ ಗರಿಷ್ಠ ವೇಗಕ್ಕಿಂತ ಟಯರಿನ ಮಿತಿ ಕಡಿಮೆಯಿದ್ದರೆ ಆ ವೇಗವನ್ನು ಬರೆದ ಚೀಟಿಯನ್ನು ಚಾಲಕನ ಕಣ್ಣಿಗೆ ಬೀಳುವಲ್ಲಿ ಅಂಟಿಸಿರಬೇಕು. ಕಾರು ಕಂಪೆನಿ ಒಪ್ಪಿದ ಟಯರಿಗೆ ವಿಶೇಷ ಗುರುತೂ ಇರುತ್ತದೆ, ಬಿಎಂಡಬ್ಲ್ಯುಗೆ ನಕ್ಷತ್ರ, ಪೋರ್ಶೆಗೆ ಎನ್ ಅಕ್ಷರ, ಮರ್ಸಿಡಿಸ್‌ಗೆ ಎಂಒ. ಸಿಕ್ಕಿದರೆ ಒಳ್ಳೆಯದು, ನಾರ್ಡಿಕ್ ಜಾತಿಯಲ್ಲಿ ಅದು ಸಿಗುವುದು ಕಷ್ಟ.

ಖರ್ಚು ಉಳಿಸಲು ಎರಡೇ ಟಯರು ಬದಲಿಸುವ ಉಪಾಯ ಮಾತ್ರ ಖಂಡಿತ ಬೇಡ. ಮುಂದೆ ಹಿಡಿತ, ಹಿಂದೆ ಜಾರಿಕೆ ಎಂದಾದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಬುಗುರಿಯಂತೆ ತಿರುಗುತ್ತದೆ. ಫೋರ್ ವ್ಹೀಲ್ ಡ್ರೈವ್ ಕಾರಿನಲ್ಲಿ ನಾಲ್ಕು ಟಯರುಗಳ ಸವೆತ ಬೇರೆಬೇರೆಯಾದರೆ ಶಕ್ತಿ ಹಂಚುವ ಗೇರುಪೆಟ್ಟಿಗೆಗೂ ಪೆಟ್ಟು.

ಟಯರಿಗೂ ಒಂದು ಹೊಟೇಲ್

ನಾಲ್ಕು ಟಯರು, ಅದಕ್ಕೆ ನಾಲ್ಕು ಬೇರೆ ಚಕ್ರ, ಗಾಳಿಯ ಒತ್ತಡ ತಿಳಿಸುವ ಸೆನ್ಸರು ಎಲ್ಲ ಸೇರಿ ಬಿಲ್ಲು ದೊಡ್ಡದೇ. ಆದರೆ ಚಳಿಗಾಲದಲ್ಲಿ ಬೇಸಿಗೆಯ ಟಯರು ಸವೆಯುವುದಿಲ್ಲ, ಅದರ ಆಯುಷ್ಯ ಅಷ್ಟು ಹೆಚ್ಚುತ್ತದೆ. ಚಕ್ರ ಸಮೇತ ಎರಡನೆಯ ಸೆಟ್ ಇಟ್ಟುಕೊಂಡರೆ ಪ್ರತಿ ಸಲ ಟಯರು ಕಳಚಿ ಹಾಕುವ ಕೂಲಿಯೂ ಕಡಿಮೆ. ಒಂಟಾರಿಯೊದಲ್ಲಿ 2016ರ ಜನವರಿಯಿಂದ ಚಳಿಗಾಲದ ಟಯರು ಹಾಕಿದವರಿಗೆ ವಿಮೆಯ ಕಂತಿನಲ್ಲಿ ರಿಯಾಯಿತಿ ಕೊಡಲೇಬೇಕೆಂಬ ನಿಯಮವಿದೆ. ಕೇಳದಿದ್ದರೆ ತಾನಾಗಿ ಸಿಗುವುದಿಲ್ಲ, ವಿಮೆಯವರಿಗೆ ತಿಳಿಸಬೇಕು.

ಫ್ಲಾಟಿನಲ್ಲಿ ವಾಸಿಸುವವರಿಗೆ ಇನ್ನೊಂದು ಸೆಟ್ ಇಡುವ ಜಾಗದ ಚಿಂತೆ. ಜರ್ಮನಿಯಲ್ಲಿ ಅದಕ್ಕೆ ‘ಟಯರ್ ಹೊಟೇಲ್’ಗಳೇ ಇವೆ. ಟಯರು ಅಂಗಡಿಯವರು ಋತುವಿಗಿಷ್ಟು ಎಂದು ಬಾಡಿಗೆ ಪಡೆದು, ತೊಳೆದು, ನಂಬರು ಕಟ್ಟಿ ಒಳಗಿಡುತ್ತಾರೆ. ಹೊಟೇಲ್ ಉದ್ಯಮದಲ್ಲೇ ಹೆಸರು ಮಾಡಿದ ಕರಾವಳಿಯ ಮುಂಬಯಿಗರಿಗೆ ಊಟ, ತಿಂಡಿ ಕೇಳದ ಈ ಗಿರಾಕಿಗಳ ಬಗ್ಗೆ ಕೊಂಚ ಹೊಟ್ಟೆಕಿಚ್ಚಾದರೂ ಆಶ್ಚರ್ಯವಿಲ್ಲ.

ಕಾನೂನು ಊರಿಗೊಂದು ತರಹ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಚಳಿಗಾಲದ ಟಯರು ಕಡ್ಡಾಯ. ಬ್ರಿಟಿಷ್ ಕೊಲಂಬಿಯಾದ ಹೆಚ್ಚಿನ ಪರ್ವತ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ನಿಯಮ ಜಾರಿಗೆ ಬರುತ್ತದೆ, ಅಲ್ಲಿ ‘ಎಂ ಪ್ಲಸ್ ಎಸ್’ ಕೂಡ ಸಲ್ಲುತ್ತದೆ. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ. ಜರ್ಮನಿಯಲ್ಲಿ ತಾರೀಕು ಇಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ಸರಿಯಾದ ಟಯರು ಇರಲೇಬೇಕು ಎಂದು 2010ರಲ್ಲಿ ಸ್ಪಷ್ಟಪಡಿಸಿದರು. ತಪ್ಪಿದರೆ ಕನಿಷ್ಠ 60 ಯೂರೋ ದಂಡ, ಲೈಸೆನ್ಸಿನ ಲೆಕ್ಕಕ್ಕೆ ಒಂದು ಅಂಕ. ಹಳೆಯ ‘ಎಂ ಪ್ಲಸ್ ಎಸ್’ ಟಯರುಗಳಿಗೆ ಕೊಟ್ಟಿದ್ದ ವಿನಾಯಿತಿ 2024ರ ಸೆಪ್ಟೆಂಬರಿಗೆ ಮುಗಿದಿರುವುದರಿಂದ ಈಗ ಬೆಟ್ಟದ ಚಿತ್ರವಿರುವುದೇ ಬೇಕು. ಹಳೆ ಕಾರು ಕೊಂಡವರು ಡಿಕ್ಕಿಯಲ್ಲಿ ಸಿಕ್ಕಿದ ಹಳೆ ಟಯರು ಹಾಕಿಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಬೇಕು. ತಯಾರಿಕೆಯ ಕಾಲ ಮಗ್ಗುಲಿನ ಕೊನೆಯ ನಾಲ್ಕು ಅಂಕೆಗಳಲ್ಲಿ ಇರುತ್ತದೆ. 3524 ಎಂದರೆ 2024ರ 35ನೇ ವಾರ. ಗೀರುಗಳ ಆಳ 4 ಮಿ.ಮೀ.ಗಿಂತ ಕಡಿಮೆಯಾದರೆ ಹಿಮದಲ್ಲಿ ಅದರಿಂದ ಹೆಚ್ಚು ನಿರೀಕ್ಷೆ ಬೇಡ.

ಗಾಳಿಯ ಒತ್ತಡವೂ ಚಳಿಗೆ ಕುಗ್ಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಸುಮಾರು 2 ಪಿಎಸ್‌ಐ ಕಡಿಮೆ. ಬೆಚ್ಚಗಿನ ಗ್ಯಾರೇಜಿನಲ್ಲಿ ತುಂಬಿಸಿದ ಗಾಳಿ ಹೊರಗೆ ಬಂದಾಗ ಸಾಲದಾಗುತ್ತದೆ.

ಭಾರತದಲ್ಲೇ ಇರುವವರಿಗೂ ಇದರಲ್ಲಿ ಒಂದಿಷ್ಟು ವಿಷಯವಿದೆ. 2020ರ ಅಕ್ಟೋಬರ್ 3ರಂದು 9.02 ಕಿ.ಮೀ. ಉದ್ದದ ಅಟಲ್ ಸುರಂಗ ಉದ್ಘಾಟನೆಯಾದ ಮೇಲೆ ದಿಲ್ಲಿ, ಚಂಡೀಗಢದ ಕನ್ನಡಿಗರು ಚಳಿಗಾಲದಲ್ಲೇ ಮನಾಲಿ ದಾಟಿ ಲಾಹೌಲ್‌ಗೆ ಹೋಗಿಬರುವುದು ಸಾಧ್ಯವಾಗಿದೆ. ಹಿಮ ಬಿದ್ದ ದಿನಗಳಲ್ಲಿ ಸೋಲಂಗದಿಂದ ಮುಂದಕ್ಕೆ ಪೊಲೀಸರು ಫೋರ್ ವ್ಹೀಲ್ ಡ್ರೈವ್ ಗಾಡಿಗಳನ್ನು ಮಾತ್ರ ಬಿಡುತ್ತಾರೆ. ಬಿಟ್ಟರೆಂದರೆ ಇಳಿಜಾರಿನಲ್ಲಿ ನಿಲ್ಲುತ್ತದೆ ಎಂದು ತಿಳಿಯಬಾರದು, ಮೇಲೆ ಹೇಳಿದ ಲೆಕ್ಕ ಸೋಲಂಗದ ಇಳಿಜಾರಿಗೂ ಅದೇ. ನಮ್ಮಲ್ಲಿನ ಸಾಮಾನ್ಯ ಅಂಗಡಿಗಳಲ್ಲಿ ಚಳಿಗಾಲದ ಟಯರು ಸಿಗುವುದು ಅಪರೂಪ, ವರ್ಷಕ್ಕೊಂದು ಪ್ರವಾಸಕ್ಕಾಗಿ ಅದನ್ನು ತರಿಸುವುದೂ ಲೆಕ್ಕಕ್ಕೆ ಬರುವುದಿಲ್ಲ. ಅಂಥವರಿಗೆ ಟಯರಿನ ಸುತ್ತ ಬಿಗಿಯುವ ಚೈನುಗಳೇ ಗತಿ. ದೊಡ್ಡ ಚಕ್ರ, ಅಗಲ ಟಯರಿನ ಎಸ್‌ಯುವಿಗಳಲ್ಲಿ ಚಕ್ರಕ್ಕೂ ಒಳಗಿನ ಭಾಗಗಳಿಗೂ ನಡುವೆ ಚೈನಿಗೆ ಜಾಗವಿರುವುದಿಲ್ಲ. ಯಾವ ಅಳತೆಯ ಟಯರಿಗೆ ಚೈನು ಹಾಕಬಹುದೆಂದು ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಮನಾಲಿಯ ರಸ್ತೆಬದಿಯಲ್ಲಿ ಕೈ ಮರಗಟ್ಟುವ ಚಳಿಯಲ್ಲಿ ಮೊದಲ ಸಲ ಹಾಕಲು ಹೆಣಗುವ ಬದಲು ದಿಲ್ಲಿಯಲ್ಲೇ, ಕಟ್ಟಡದ ಕೆಳಗೆ ಒಮ್ಮೆ ಹಾಕಿ ತೆಗೆದು ನೋಡಿಕೊಂಡು ಹೊರಡಬೇಕು.